ಮಾದರಿ ಬರಹದ ಕೆಳಗೆ

"ಬುದ್ಧಿ, ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಸಿಗುವ ವೆಬ್‌ಸೈಟನ್ನು ನಮ್ಮದು ಎನ್ನಿಸುವ ಹಾಗೆ ಮಾಡುವುದು ಹೇಗೆ?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ. ಮಠದ ಜಾಲತಾಣವನ್ನು ಸಿದ್ಧಪಡಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಸಿದ್ಧ ತಂತ್ರಾಂಶವನ್ನು ಅಳವಡಿಸಿದವನು ಅದರ ಬಣ್ಣ ಬದಲಿಸುವುದರಲ್ಲೇ ತಿಂಗಳುಗಟ್ಟಲೆ ಮುಳುಗಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ತರಕಾರಿ ಬೀಜ ಮಾರುವುದು ಅವನ ಕಸುಬು. ಬೀಜದ ಜೊತೆ ಮಾತನ್ನೂ ಧಾರಾಳವಾಗಿ ಕೊಡುತ್ತಿದ್ದ, ಅದಕ್ಕೆ ಬೆಲೆ ಹಾಕುತ್ತಿರಲಿಲ್ಲ. ಹೊಸ ಹೆದ್ದಾರಿ ಊರ ಹೊರಗಿನಿಂದಲೇ ಹಾದುಹೋದ ಮೇಲೆ ಅಂಗಡಿಗೆ ಬರುವವರೇ ಇಲ್ಲವಾದರು. ಈ ಮಳೆಗಾಲಕ್ಕೆ ವ್ಯಾಪಾರ ಕುದುರದಿದ್ದರೆ ಅಂಗಡಿ ಮುಚ್ಚುವುದೇ ಸೈ ಎಂಬಲ್ಲಿಗೆ ಬಂತು. ಆಗ ಅವನು ಜಾಲತಾಣವೊಂದನ್ನು ತೆರೆದ.

ತಂತ್ರಾಂಶ ಪುಕ್ಕಟೆ ಸಿಕ್ಕಿತು. ಅಳವಡಿಸಿದ ಕೂಡಲೇ ಒಂದು ಬಿಳಿ ಪುಟ ಕಾಣಿಸಿತು. ಅದರಲ್ಲಿ ತಂತ್ರಾಂಶದ ಜೊತೆಗೇ ಬಂದ ಒಂದು ಮಾದರಿ ಬರಹ, ಬರಹದ ಕೆಳಗೆ ಬಂದವರು ಏನಾದರೂ ಬರೆಯಲು ಒಂದು ಪೆಟ್ಟಿಗೆ. ವ್ಯಾಪಾರಿಯ ಮುಖ ಸಪ್ಪಗಾಯಿತು. ಊರವರದೆಲ್ಲ ಹೀಗೇ ಇರುವಾಗ ತನ್ನದನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ಮೇಲೆ ಅಂಗಡಿಯ ಹೆಸರು ಬರೆದ, ಅದೊಂದು ಸರಿಹೋಯಿತು. ಆಮೇಲೆ ಹಸಿರು ಹಚ್ಚಿದ. ಕಣ್ಣಿಗೆ ಹೊಡೆಯಿತು, ತೆಗೆದ. ಅಕ್ಷರ ದಪ್ಪ ಮಾಡಿದ, ತೆಳ್ಳಗೆ ಮಾಡಿದ. ಮೂಲಂಗಿಯೊಂದು ಪುಟದ ತುಂಬ ಉರುಳಾಡುವ ಹಾಗೆ ಮಾಡಿದಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅದನ್ನೂ ತೆಗೆದ.

"ಅಲ್ರೀ, ಬೀಜದ ಬಗ್ಗೆ ಒಂದು ಮಾತೂ ಇಲ್ವಲ್ಲ?" ಎಂದಳು ಅವಳು.

"ಮೊದಲು ಸಿಂಗಾರ ಮುಗೀಲಿ, ತಾಳೇ," ಎಂದ ಅವನು.

ಮಳೆಗಾಲ ಹತ್ತಿರ ಬಂತು. ಸಿಂಗಾರ ಮುಗಿಯಲಿಲ್ಲ. ಅವನಿಗೆ ಒಳಗೊಳಗೇ ಹೆದರಿಕೆ ಹತ್ತಿತು.

ಒಂದು ಬೆಳಿಗ್ಗೆ ನೋಡಿದರೆ ಮಾದರಿ ಬರಹದ ಕೆಳಗಿನ ಪೆಟ್ಟಿಗೆಯಲ್ಲಿ ಯಾರೋ ಬರೆದಿದ್ದರು. ಹಿಂದೊಮ್ಮೆ ಅವನಲ್ಲಿ ಬೀಜ ಕೊಂಡಿದ್ದ ಪಟ್ಟಣದ ಹೆಂಗಸು, ಅಂಗಡಿಯ ಹೆಸರು ಹುಡುಕಿಕೊಂಡು ಬಂದಿದ್ದಳು. "ಅಣ್ಣಾ, ತಾರಸಿ ಮೇಲೆ ಹೀರೆ ಬಳ್ಳಿ ಹಬ್ಬಿಸಿದ್ದೇನೆ. ಹೂವೇನೋ ರಾಶಿ, ಒಂದೂ ಕಾಯಿ ಕಚ್ಚದೆ ಉದುರುತ್ತಿವೆ. ಕಿತ್ತು ಹಾಕಲಾ?"

ವ್ಯಾಪಾರಿಗೆ ತಡೆಯಲಾಗಲಿಲ್ಲ. ಬಣ್ಣಗಿಣ್ಣ ಮರೆತು, ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಹೇಳುವ ಹಾಗೇ ಬರೆದ. "ಕೀಳಬೇಡಿ ತಾಯಿ! ಮೊದಲು ಬರುವುದು ಬರೀ ಗಂಡು ಹೂ, ಅವಕ್ಕೆ ಅವಸರ ಜಾಸ್ತಿ. ಹೆಣ್ಣು ಹೂ ಸಾವಕಾಶವಾಗಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತುಕೊಂಡೇ ಬರುತ್ತದೆ. ಸ್ವಲ್ಪ ತಾಳಿ."

ಆಕೆ ತಾಳಿದಳು. ಬಳ್ಳಿ ಕಾಯಿ ಬಿಟ್ಟಿತು. ಪಲ್ಯವೂ ಆಯಿತು, ಸಿಪ್ಪೆಯ ಚಟ್ನಿಯೂ ಆಯಿತು ಎಂದು ಅದೇ ಪೆಟ್ಟಿಗೆಯಲ್ಲಿ ಸಂಭ್ರಮದಿಂದ ಬರೆದಳು. ಅದನ್ನು ಓದಿದ ಅವಳ ನೆರೆಯವಳು ಬದನೆಯ ಹುಳಕ್ಕೆ ಮದ್ದು ಕೇಳಿದಳು. ಇನ್ನೊಬ್ಬ, ಬೆಂಡೆ ಬೀಜ ಅಂಚೆಯಲ್ಲಿ ಕಳಿಸುತ್ತೀರಾ ಎಂದ. ವ್ಯಾಪಾರಿ ಒಬ್ಬೊಬ್ಬರಿಗೂ ಉತ್ತರ ಬರೆದ, ಕೆಲವರನ್ನು ಗದರಿದ, ಕೆಲವರನ್ನು ನಗಿಸಿದ. ಮೊದಲ ಮಳೆ ಬೀಳುವ ಹೊತ್ತಿಗೆ ಆ ಮಾದರಿ ಬರಹದ ಕೆಳಗೆ ಸಂತೆಯೇ ನೆರೆದಿತ್ತು. ಗಂಡ ಹೆಂಡತಿ ಪೊಟ್ಟಣ ಕಟ್ಟಿ ಕಟ್ಟಿ ಸೋತರು. ಅಂಗಡಿ ಉಳಿಯಿತು. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿಗೆ ಕತೆ ಹಿಡಿಸಿತ್ತು, ಆದರೆ ಅನುಮಾನವೊಂದು ಉಳಿದಿತ್ತು.

"ಕೊನೆಗಾದರೂ ಅವನು ಆ ಮಾದರಿ ಬರಹವನ್ನು ಅಳಿಸಿದನೇ, ಬುದ್ಧಿ?"

"ಅದಿರಲಿ ಮಗು, ನಿನ್ನದರ ಕೆಳಗೆ ಯಾರು ಏನು ಕೇಳಿದ್ದಾರೆ?"

ಪಂಚಾಕ್ಷರಿ ಎದ್ದು ಹೋಗಿ, ಬಣ್ಣ ಬಿಟ್ಟು, ಬರಹದ ಕೆಳಗಿನ ಪೆಟ್ಟಿಗೆಯನ್ನು ಮೊದಲ ಸಲ ತೆರೆದು ನೋಡಿದ.