ಕುಂಬಾರನ ಮೂರನೇ ಗಡಿಗೆ

ಸಿನಿಮಾದಿಂದ ಬಂದಾಗಿನಿಂದ ಒಂದೇ ಪ್ರಶ್ನೆ ನಿಂದು, ಬರೆದ ಬೊಂಬೆ ಅತ್ತರೆ ನಮಗ್ಯಾಕಜ್ಜಿ ಅಳು ಬರುತ್ತೆ ಅಂತ. ನಂಗೇನು ಗೊತ್ತೇ ಸಿರಿ. ಒಂದು ಕತೆ ಗೊತ್ತು, ಅಷ್ಟೇ. ಕಾಲು ಕಂಬಳಿ ಒಳಗೆ ಎಳಕೋ, ಹ್ಞೂಂ ಅಂತಿರು.

ಒಂದಾನೊಂದು ಕಾಲದಲ್ಲಿ, ಚಿತ್ರಗಳೆಲ್ಲ ಇನ್ನೂ ಗೋಡೆಗೆ ಅಂಟಿಕೊಂಡೇ ಇದ್ದಾಗ, ಸಣ್ಣಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನ ಹೆಂಡತಿ ಜ್ವರ ಬಂದು ತೀರಿಹೋದಳಂತೆ, ಆಮೇಲೆ ಅವರ ಮಗಳು ಚೆಲುವಿ ಮಾತೇ ಬಿಟ್ಟುಬಿಟ್ಟಳಂತೆ.

ಮೂಗಿ ಆಗ್ಬಿಟ್ಲಾ ಅಜ್ಜಿ?

ಮೂಗಿ ಅಲ್ಲ ಕಣೇ. ಮಾತಿತ್ತು, ಆಡ್ತಿರಲಿಲ್ಲ. ಅವ್ವ ಇದ್ದಾಗ ನಿನ್ನ ಹಾಗೇ ವಟವಟ ಅನ್ನೋಳಂತೆ. ಸಣ್ಣಯ್ಯನಿಗೋ ಮೊದಲೇ ಮಾತು ಕಮ್ಮಿ, ಸತ್ತವಳ ಹೆಸರೂ ಎತ್ತುತ್ತಿರಲಿಲ್ಲ. ಹೀಗೇ ಒಂದು ವರ್ಷ ಹೋಯ್ತಂತೆ. ಮಗಳ ದನಿ ಹೇಗಿತ್ತು ಅನ್ನೋದೇ ಮರೆತುಹೋಗ್ತಿದೆಯಲ್ಲಪ್ಪಾ ಅಂತ ಅವನಿಗೆ ಭಯ ಹತ್ತಿತಂತೆ.

ಒಂದು ದಿನ ಕೆರೆಯಂಗಳದಲ್ಲಿ ಜೇಡಿಮಣ್ಣು ಅಗೀತಿದ್ದಾಗ ಗುದ್ದಲಿ ತುದಿಗೆ ಆಮೆ ಮೊಟ್ಟೆ ಕಂಡವಂತೆ. ಒಳ್ಳೇ ಮಣ್ಣಿದ್ದದ್ದೇ ಅಲ್ಲಿ, ಆದರೂ ಮುಚ್ಚಿಟ್ಟು ಬೇರೆ ಕಡೆ ಅಗೆಯೋಕೆ ಹೋದನಂತೆ. ಆಮೇಲೆ ತಾಯಿ ಆಮೆ ಒಂದು ಕೆಮ್ಮಣ್ಣಿನ ಉಂಡೆ ಉರುಳಿಸಿಕೊಂಡು ಬಂದು, ನನ್ನ ಮಕ್ಕಳನ್ನ ಉಳಿಸಿದೆಯಲ್ಲಪ್ಪಾ, ತಗೋ ಇದನ್ನ, ನೀರಲ್ಲಿ ಕಲಸಿ ಗಡಿಗೆ ಮೈಸುತ್ತ ಒಂದೇ ಜೀವವನ್ನ ಹನ್ನೆರಡು ಸಲ ಬರಿ, ಒಂದೊಂದರಲ್ಲೂ ಒಂಚೂರು ಕದಲಿಸು, ನಿನ್ನ ಚಕ್ರದ ಮೇಲಿಟ್ಟು ತಿರುಗಿಸು, ಚಿತ್ರ ಎದ್ದು ಓಡಾಡುತ್ತೆ, ಮೂರು ಗಡಿಗೆಗೆ ಸಾಕಾಗುತ್ತೆ, ಜಿಪುಣಿ ಅನ್ಕೋಬೇಡ ಅಂದಿತಂತೆ.

ಮೊದಲನೇ ಗಡಿಗೆಗೆ ಗಿಣಿ ಬರೆದನಂತೆ. ರೆಕ್ಕೆ ಮಡಿಚಿದ್ದು, ಅರ್ಧ ಬಿಚ್ಚಿದ್ದು, ಪೂರಾ ಬಿಚ್ಚಿದ್ದು. ಚಕ್ರ ತಿರುಗಿಸಿದ್ದೇ ತಡ ಗಿಣಿ ಪಟಪಟ ಹಾರಿತಂತೆ. ಚೆಲುವಿ ನೋಡಿದಳು, ಮಾತಿಲ್ಲ. ಎರಡನೇ ಗಡಿಗೆಗೆ ಕರು. ಅದು ಬಾಲ ಎತ್ತಿಕೊಂಡು ಕುಣಿದು ಅಂಬಾ ಅಂತ ಕೂಗಿಯೂಬಿಟ್ಟಿತಂತೆ. ಕರು ಕೂಗಿತು, ಮಗಳು ಕೂಗಲಿಲ್ಲ.

ಆಮೇಲೆ ಕೆಮ್ಮಣ್ಣು ಹುಣಸೇ ಬೀಜದಷ್ಟು ಉಳಿದಿತ್ತಂತೆ. ಯಾರನ್ನ ಬರೆಯಬೇಕು ಅಂತ ಸಣ್ಣಯ್ಯನಿಗೆ ಗೊತ್ತಿತ್ತು, ಧೈರ್ಯ ಇರಲಿಲ್ಲ. ಕೊನೆಗೆ ಬರೆದ. ಮುಖ ಬರೆಯೋಕೆ ಕೈ ಏಳಲಿಲ್ಲವಂತೆ, ಅದಕ್ಕೆ ಬೆನ್ನು ಮಾಡಿ ಕೂರಿಸಿದ. ಅವಳು ಹಲಗೆ ಹಿಡಿದು ಗಡಿಗೆ ತಟ್ಟೋದು, ಕೈ ಮೇಲೆ, ಕೈ ನಡುವೆ, ಕೈ ಕೆಳಗೆ. ಚಕ್ರ ತಿರುಗಿತು. ತುರುಬು ಅಲ್ಲಾಡಿತು, ಬಳೆ ಘಲ್ಲೆಂದವು. ಚೆಲುವಿ ದಡಕ್ಕನೆ ಎದ್ದು ನಿಂತು, ಅಪ್ಪಾ, ಅವ್ವ ಎಡಚಿ, ಬಲಗೈಲಿ ಯಾವತ್ತು ತಟ್ಟಿದಳು, ಅಷ್ಟೂ ಗೊತ್ತಿಲ್ವಾ ನಿಂಗೆ ಅಂತ ಕಿರುಚಿದಳಂತೆ!

ಅವನಿಗೆ ಹೇಗೆ ಗೊತ್ತಿರಲ್ಲ ಅಜ್ಜಿ? ಅವನ ಹೆಂಡ್ತಿ ತಾನೇ?

ಅವನು ದಿನಾ ಎದುರಿಗೆ ಕೂತು ಕೆಲಸ ಮಾಡಿದೋನು ಕಣೇ. ಅವಳ ಎಡಗೈ ಅವನ ಬಲಗಡೆಗೇ ಕಾಣೋದು. ಬೆನ್ನು ತಿರುಗಿಸಿ ಬರೆದಾಗಲೂ ಹಲಗೆಯನ್ನ ಅದೇ ಕಡೆ ಕೊಟ್ಟುಬಿಟ್ಟ. ಮಗಳೋ ಅವ್ವನ ಬೆನ್ನಿಗೆ ಜೋತುಬಿದ್ದೇ ಬೆಳೆದೋಳು, ಅವಳ ಕಣ್ಣಿಗೆ ತಪ್ಪುತ್ತಾ?

ಆಮೇಲೆ ಸಣ್ಣಯ್ಯ ಕಣ್ಣೊರೆಸಿಕೊಂಡು, ಹೌದು ಮಗಳೇ, ಗೊತ್ತಿಲ್ಲ, ಇನ್ನೇನು ತಪ್ಪಿದೆ ಹೇಳು ಅಂದನಂತೆ. ತುರುಬು ಅಷ್ಟು ದಪ್ಪ ಇರಲಿಲ್ಲ ಅಂದಳಂತೆ, ತಟ್ಟುವಾಗ ನಿನ್ನನ್ನ ಬಯ್ಕೊಳ್ಳೋಳು ಅಂದಳಂತೆ, ಏನಂತ ಬಯ್ತಿದ್ದಳು ಅಂದರೆ ಅದನ್ನೂ ಒಂದೊಂದೇ ಹೇಳಿದಳಂತೆ, ಅಪ್ಪ ನಕ್ಕು ನಕ್ಕು ಸುಸ್ತಾದನಂತೆ. ಚಕ್ರ ಯಾವಾಗ ನಿಂತಿತೋ ಇಬ್ಬರೂ ನೋಡಲೇ ಇಲ್ಲವಂತೆ.

ಆ ಗಡಿಗೆಯನ್ನ ಅವನು ಮಾರಲಿಲ್ಲ, ತಿದ್ದಲೂ ಇಲ್ಲ. ಸುಟ್ಟು, ಕುಡಿಯೋ ನೀರಿಗೆ ಇಟ್ಟುಕೊಂಡನಂತೆ. ದಿನಾ ಬೆಳಗ್ಗೆ ನೀರು ತಗೊಳ್ಳುವಾಗ, ಅವತ್ತು ನನ್ನ ಕೈ ತಪ್ಪಿತಲ್ಲ, ದೊಡ್ಡ ಪುಣ್ಯ ಅಂತ ಕೈ ಮುಗಿಯೋನಂತೆ. ಮಗಳು ಒಳಗಿಂದ, ಅಪ್ಪಾ, ಕೈ ಮುಗಿದದ್ದು ಸಾಕು, ನೀರು ಕೊಡು ಅಂತ ಕೂಗೋಳಂತೆ.

ಅಪ್ಪ ಮಗಳು ಅಲ್ಲಿ ಹರಟ್ತಾ ಇದ್ದಾರೆ, ಇಲ್ಲಿ ನನ್ನ ಕತೆ ಮುಗೀತು.