ಔಷಧ ಅರೆದವಳ ಕೆಮ್ಮು

"ಬುದ್ಧಿ, ನಮ್ಮ ಕಾರ್ಖಾನೆಯಲ್ಲಿ ಹೊಸ ಔಷಧವೊಂದು ತಯಾರಾಗಿದೆ. ನ್ಯಾನೋ ಕಣ ಅಂತಾರೆ, ಕೂದಲೆಳೆಗಿಂತ ಸಾವಿರ ಪಾಲು ಸಣ್ಣದು. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕಿಳಿದು ರೋಗವನ್ನು ಹಿಡಿಯುತ್ತದೆ. ಅದೇ ಕಣ ಅಲ್ಲಿನ ಜೀವಕೋಶಗಳನ್ನು ಕೆಡಿಸಲೂಬಹುದು. ಒಳ್ಳೆಯದೋ ಕೆಟ್ಟದ್ದೋ, ನಾಳೆ ನಾನು ಬರೆದುಕೊಡಬೇಕು. ಏನೆಂದು ಬರೆಯಲಿ?" ಎಂದು ಶಿಷ್ಯ ವಿರೂಪಾಕ್ಷ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಉಬ್ಬಸಕ್ಕೆ ಭಸ್ಮ ಮಾಡಿಕೊಡುವುದರಲ್ಲಿ ಎತ್ತಿದ ಕೈ. ಒಂದು ಚಿಟಿಕೆಯನ್ನು ಬಿದಿರಿನ ಕೊಳವೆಗೆ ಹಾಕಿ ಉಸಿರೆಳೆದುಕೊಳ್ಳಲು ಹೇಳುತ್ತಿದ್ದ. ಪುಡಿ ತರಿಯಾಗಿದ್ದರೆ ಗಂಟಲಲ್ಲೇ ನಿಂತುಬಿಡುತ್ತದೆ. ನುಣ್ಣಗಾದಷ್ಟೂ ಎದೆಯೊಳಕ್ಕೆ ಇಳಿಯುತ್ತದೆ. ಆದ್ದರಿಂದ ಬೆರಳ ಗೆರೆಗಳೊಳಗೆ ಹೊಕ್ಕು ಕೂರುವ ತನಕ, ನೀರ ಮೇಲೆ ಉದುರಿಸಿದರೆ ಮುಳುಗದೆ ತೇಲುವ ತನಕ ಅರೆಸುತ್ತಿದ್ದ. ಅರೆಯುವ ಕಲ್ಲಿನ ಕಲ್ವದ ಮುಂದೆ ಕೂತು ಅರೆಯುತ್ತಿದ್ದವಳು ಅವನ ಹೆಂಡತಿ.

ಹೊಸ್ತಿಲು ದಾಟಲು ಏದುಸಿರು ಬಿಡುತ್ತಿದ್ದವರು ಗುಡ್ಡ ಹತ್ತಿ ಸೌದೆ ತಂದರು. ವೈದ್ಯನ ಸಂತೋಷಕ್ಕೆ ಮಿತಿಯಿರಲಿಲ್ಲ. ಇಂಥ ಪುಡಿ ಗಾಳಿಪಾಲಾಗುತ್ತದಲ್ಲ ಎಂಬುದೊಂದೇ ಅವನ ಸಂಕಟ. ಅರೆಯುವ ಕೋಣೆಯ ಬಾಗಿಲು ಕಿಟಕಿ ಮುಚ್ಚಿಸಿದ, ಸಂದಿಗಳಿಗೆ ಬಟ್ಟೆ ತುರುಕಿದ, ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹೆಂಡತಿಗೆ ಕೆಮ್ಮು ಹತ್ತಿತು. ಮನೆಯಲ್ಲೇ ಔಷಧವಿರುವಾಗ ಚಿಂತೆಯೇನು? ಒಂದು ಚಿಟಿಕೆ ಕೊಟ್ಟ. ಕೆಮ್ಮು ಹೆಚ್ಚಿತು. ಎರಡು ಕೊಟ್ಟ. ಅವಳು ಹಾಸಿಗೆ ಹಿಡಿದಳು. ಇವಳಿಲ್ಲದ ಮನೆಯಲ್ಲಿ ತಾನು ಹೇಗೆ ಬದುಕಲಿ ಎಂದು ವೈದ್ಯ ಅತ್ತುಬಿಟ್ಟ. ಈ ವಿಷವನ್ನೆಲ್ಲ ಹೊಳೆಗೆ ಚೆಲ್ಲುತ್ತೇನೆಂದು ಭಸ್ಮದ ಗಡಿಗೆಯನ್ನು ಎತ್ತಿಕೊಂಡ.

"ಅದನ್ಯಾಕೆ ಚೆಲ್ತೀರಿ?" ಎಂದಳು ಅವಳು. "ರೋಗಿಗೆ ದಿನಕ್ಕೆ ಒಂದು ಚಿಟಿಕೆ ಸಾಕು ಅಂತೀರಿ. ಆ ಮುಚ್ಚಿದ ಕೋಣೇಲಿ ನಾನು ಬೆಳಗಿಂದ ಸಂಜೆವರೆಗೆ ಉಸಿರಾಡಿದೀನಿ. ನನ್ನೊಳಗೆ ಎಷ್ಟು ಚಿಟಿಕೆ ಹೋಗಿರಬೇಕು, ನೀವೇ ಹೇಳಿ."

ವೈದ್ಯ ಗಡಿಗೆ ಕೆಳಗಿಟ್ಟ. ಬಾಗಿಲು ಕಿಟಕಿ ತೆರೆದ. ಪುಡಿ ಮೇಲೇಳದ ಹಾಗೆ ಆಡುಸೋಗೆಯ ರಸ ಹಾಕಿ ಹಸಿಯಾಗಿ ಅರೆಯತೊಡಗಿದ, ಒಣಗಿದ್ದನ್ನು ತುಂಬುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡ. ಈಗ ಅರೆಯುವವನು ಅವನೇ. ಎರಡೇ ದಿನಕ್ಕೆ ತೋಳು ಬಿದ್ದುಹೋದವು. ರೋಗಿಗಳು ಎಂದಿನಂತೆ ಗುಣವಾದರು. ಹೆಂಡತಿಯ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ತಗ್ಗಿತು. ಅವಳು ಜಗುಲಿಯಲ್ಲಿ ಕಾಲು ಚಾಚಿ ಕೂತು, "ಇನ್ನೂ ನುಣ್ಣಗಾಗಿಲ್ಲ, ಅರೀರಿ" ಎಂದು ಗಂಡನನ್ನು ಕಾಡಿಸುವಷ್ಟು ಗೆಲುವಾದಳು.

ಕತೆ ಕೇಳಿ ವಿರೂಪಾಕ್ಷನ ಮುಖ ಅರಳಿತು. "ಹಾಗಾದರೆ ಒಳ್ಳೆಯದೆಂದೇ ಬರೆಯುತ್ತೇನೆ ಬುದ್ಧಿ. ರೋಗಿಗೆ ಎಷ್ಟು ಕೊಡಬೇಕೆಂದು ನಾವು ಚೆನ್ನಾಗಿ ಅಳೆದು ನೋಡಿದ್ದೇವೆ."

"ಬರಿಯಪ್ಪ," ಎಂದರು ಗುರುಗಳು, "ನಿಮ್ಮಲ್ಲಿ ಪುಡಿ ಮಾಡುವ ಕೋಣೆಯೊಳಗೆ ಕೆಮ್ಮುತ್ತಿರುವವರು ಯಾರು?"