ಬಲಗಾಲಿನ ಪಟ್ಟಿ

“ಮೇಷ್ಟ್ರೇ, ಫುಟ್‌ಬಾಲ್ ಆಟಗಾರನಿಗೆ ಹೆಚ್ಚಾಗಿ ಏಟಾಗುವುದು ಎಲ್ಲಿ?” ಎಂದು ಸಿನಾನ್ ಕೇಳಿದ.

ಮರುದಿನ ಫೈನಲ್. ಅವನ ಬಲಮಂಡಿಗೆ ಬಿಳಿ ಪಟ್ಟಿ ಬಿಗಿದಿತ್ತು. ಆಡಿಸುವುದೋ ಬಿಡುವುದೋ ಹಸನಬ್ಬ ಮೇಷ್ಟ್ರ ಕೈಯಲ್ಲಿತ್ತು. ದೊಡ್ಡ ಕ್ಲಬ್ಬಿನವರು ಅವನ ಆಟ ನೋಡಲೆಂದೇ ಬರುವವರಿದ್ದರು. ಎಲ್ಲಿ ಮೇಷ್ಟ್ರು ತನ್ನನ್ನು ತಂಡದಿಂದ ಕೈಬಿಡುತ್ತಾರೋ ಎಂಬ ಭಯ ಅವನನ್ನು ತಿನ್ನುತ್ತಿತ್ತು.

“ತೊಡೆಯ ಹಿಂಬದಿಯಲ್ಲಿ,” ಎಂದರು ಮೇಷ್ಟ್ರು. “ಮಂಡಿ, ಪಾದದ ಕೀಲು ಎಲ್ಲ ಆಮೇಲೆ. ಅಭ್ಯಾಸದಲ್ಲಿ ಕಡಿಮೆ, ಪಂದ್ಯದಲ್ಲಿ ಹೆಚ್ಚು. ಒಮ್ಮೆ ನೊಂದ ಜಾಗವೇ ಮತ್ತೆ ಮತ್ತೆ ನೋಯುತ್ತದೆ. ಇಷ್ಟನ್ನು ಯಾವ ಡಾಕ್ಟರಾದರೂ ಹೇಳಿಯಾರು. ನೀನು ಕತೆ ಕೇಳು.”

ಒಬ್ಬ ಆಟಗಾರನಿದ್ದ. ಚೆಂಡು ಕಾಲಿಗೆ ಸಿಕ್ಕರೆ ಸಾಕು, ಅವನನ್ನು ಹಿಡಿಯುವವರಿರಲಿಲ್ಲ. ದೊಡ್ಡದೊಂದು ಪಂದ್ಯ ಹತ್ತಿರ ಬಂದಾಗ ಅವನ ಎಡತೊಡೆಯ ಹಿಂದೆ ಚಳುಕು ಕಾಣಿಸಿತು. ಪಟ್ಟಿ ಕಟ್ಟಿದ ಕಾಲಿಗೇ ಎದುರಾಳಿಗಳು ಒದೆಯುತ್ತಾರೆ ಎಂಬುದು ಮೈದಾನದಲ್ಲಿ ಬೆಳೆದವರಿಗೆಲ್ಲ ಗೊತ್ತು. ಇವನೋ, ಅವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವ ಆಸಾಮಿ. ಗಟ್ಟಿಯಾಗಿದ್ದ ಬಲಗಾಲಿಗೇ ಪಟ್ಟಿ ಕಟ್ಟಿದ.

ನಿಜ ಸಂಗತಿಯನ್ನು ತನ್ನವರಿಗೂ ಹೇಳಲಿಲ್ಲ. ಹೇಳಿದರೆ ಜಾಗ ಇನ್ನೊಬ್ಬನ ಪಾಲಾಗುತ್ತಿತ್ತು. ಮಾಲೀಸು ಮಾಡುವವನು ಪಟ್ಟಿ ನೋಡಿ ಬಲಗಾಲನ್ನೇ ಎಣ್ಣೆ ಹಾಕಿ ತಿಕ್ಕಿದ. ತರಬೇತುದಾರ ಆ ಪಟ್ಟಿಯನ್ನೇ ತೋರಿಸಿ, “ಕಾಲು ಹೇಗಿದೆಯಪ್ಪಾ?” ಎಂದು ಕೇಳಿದ.

“ಈ ಕಾಲಿಗೆ ಏನೂ ಆಗಿಲ್ಲ ಸಾರ್, ಬೇಕಾದರೆ ನೋಡಿ,” ಎಂದು ಆಟಗಾರ ಬಲಗಾಲಲ್ಲಿ ಕುಪ್ಪಳಿಸಿ ತೋರಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಂದ್ಯ ಶುರುವಾಯಿತು. ಎದುರಾಳಿಗಳು ಪಟ್ಟಿ ಕಂಡು ಬಲಗಾಲಿಗೇ ಒದ್ದರು. ಕಾಲು ತಡೆದುಕೊಂಡಿತು. ಭಲೇ, ಬೇಸ್ತು ಬಿದ್ದರು ಎಂದು ಅವನು ಒಳಗೊಳಗೇ ಹಿಗ್ಗಿದ. ಕೊನೆಗೆ ಚೆಂಡು ಅವನಿಗೆ ಸಿಕ್ಕಿತು. ಮುಂದೆ ಗೋಲ್‌ಕೀಪರ್ ಒಬ್ಬನೇ. ಓಡಿದ. ಯಾರೂ ಮುಟ್ಟಲಿಲ್ಲ, ಯಾರೂ ಒದೆಯಲಿಲ್ಲ. ಎಡತೊಡೆಯ ಹಿಂದೆ ಏನೋ ಹರಿದಂತಾಯಿತು, ಅವನು ಬಿದ್ದ.

ತಂಡದವರು ಮಂಜುಗಡ್ಡೆ ಹಿಡಿದು ಓಡಿ ಬಂದರು. ಪಟ್ಟಿ ಬಿಚ್ಚಿ ಬಲಗಾಲಿಗೆ ಒತ್ತಿದರು. ಅಡ್ಡವಾಯಿತೆಂದು ಎಡಗಾಲನ್ನು ಮಡಚಿ ಪಕ್ಕಕ್ಕೆ ಸರಿಸಿದರು. “ಅಯ್ಯೋ, ಅದಲ್ಲ!” ಎಂದು ಅವನು ಕಿರುಚಿದ. ನೋವಿಗೆ ಏನೋ ಬಡಬಡಿಸುತ್ತಾನೆಂದು ಅವರು ಇನ್ನಷ್ಟು ಬಿಗಿಯಾಗಿ ಹಿಡಿದರು. ಆ ಎಡಗಾಲು ಮತ್ತೆ ಆಟಕ್ಕೆ ಬರಲಿಲ್ಲ.

ಕತೆ ಮುಗಿಯಿತು. ಸಿನಾನ್ ನಗಲು ಹೋದ, ನಗು ಬರಲಿಲ್ಲ. “ಪಾಪ, ಅವನಿಗೆ ಏಟು ಕೊಟ್ಟವರು ಯಾರೂ ಇಲ್ಲವಲ್ಲ, ಮೇಷ್ಟ್ರೇ?” ಎಂದ.

ಮೇಷ್ಟ್ರು ಅವನ ಬಲಮಂಡಿಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ, ಸುರುಳಿ ಸುತ್ತಿ ಅವನ ಕೈಗೇ ಕೊಟ್ಟರು.

“ಈಗ ನೋಯುವ ಕಾಲನ್ನು ಮುಂದಿಡು,” ಎಂದರು.

ಸಿನಾನ್ ಎಡಗಾಲು ಚಾಚಿದ.